ಗಡಿಕಲ್ಲು ಮನೆಯೊಳಗೆ ಬಂದ ವರ್ಷ

ನಮ್ಮ ಕೇರಿ ನಡೆಯುತ್ತದೆ. ಮಳೆಗಾಲ ಕಳೆದು ನೆಲದ ಹಸಿ ಆರುವ ಹೊತ್ತಿಗೆ ಮನೆ, ಹಿತ್ತಲು, ತಿಪ್ಪೆ, ನುಗ್ಗೆಮರ ಎಲ್ಲ ಸೇರಿ ಮೂಡಲಿಗೆ ಒಂದಿಷ್ಟು ಸರಿದಿರುತ್ತವೆ. ಸದ್ದಿಲ್ಲ, ಗೋಡೆ ಬಿರಿಯುವುದಿಲ್ಲ, ಒಲೆಯ ಮೇಲಿನ ಸಾರು ತುಳುಕುವುದಿಲ್ಲ. ಹೊರಗಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಮೊದಲ ವರ್ಷ ತಲೆ ತಿರುಗಿದಂತಾಗುತ್ತದೆ, ಆಮೇಲೆ ಅದೂ ಇಲ್ಲ. ನಾನು ಸೊಸೆಯಾಗಿ ಬಂದಾಗ ನಮ್ಮತ್ತೆ ಕರಿಯಕ್ಕ ಹೇಳಿಕೊಟ್ಟ ಮೊದಲ ಬುದ್ಧಿ ಇದು: "ಎಮ್ಮೆ ಕಟ್ಟೋದಾದ್ರೆ ಅಂಗಳದ ಗೂಟಕ್ಕೆ ಕಟ್ಟು ಬೊಮ್ಮಿ, ದಾರಿ ಮರಕ್ಕೆ ಕಟ್ಬೇಡ. ಮರ ಅಲ್ಲೇ ಇರುತ್ತೆ, ನಾವಿರಲ್ಲ."

ಊರಿನ ಬಾವಿ ನಡೆಯುವುದಿಲ್ಲ. ಕೇರಿ ಮುಂದೆ ಹೋದಷ್ಟೂ ಬಾವಿ ಹಿಂದೆ ಉಳಿಯುತ್ತದೆ. ಅದಕ್ಕೇ ನಾವು ಹೋಗುವ ದಾರಿಯ ಮುಂದುಗಡೆ ಹಿರಿಯರು ಒಂದು ನೀರಿನ ಕುಂಟೆ ತೋಡಿದ್ದರು. ಕೆರೆಯ ಕೆಳತೂಬಿನಿಂದ ಬರುವ ನೀರು ಅದರಲ್ಲಿ ನಿಲ್ಲುತ್ತದೆ. ಕುಡಿಯುವುದಕ್ಕೂ ಅದೇ, ದನಕ್ಕೂ ಅದೇ, ನಾನು ಈಚಲು ಗರಿ ನೆನೆಸಿ ಚಾಪೆ ಹೆಣೆಯುವುದಕ್ಕೂ ಅದೇ.

ಮೇಲಿನ ಬೀದಿಯವರ ಮನೆಗಳು ನಡೆಯುವುದಿಲ್ಲ. ಕಲ್ಲಿನ ತಳಪಾಯ, ಕಲ್ಲಿನ ಮೆಟ್ಟಿಲು. ಅವರ ಅಜ್ಜ ಎಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡಿದ್ದನೋ ಮೊಮ್ಮಗನೂ ಅಲ್ಲೇ ಕೂತು ಹಾಕಿಕೊಳ್ಳುತ್ತಾನೆ.

ಊರಿನ ಮೂಡಲ ಗಡಿಗೆ ಒಂದು ಕಲ್ಲು ನೆಟ್ಟಿದೆ. ಸೊಂಟದೆತ್ತರ, ತಲೆಯ ಮೇಲೆ ಸೂರ್ಯಚಂದ್ರ ಕೆತ್ತಿದ್ದು. ನಾನು ಬಂದ ಹೊಸದರಲ್ಲಿ ಅದು ಹೊಲಗಳ ಆಚೆ ಎಲ್ಲೋ ಇತ್ತು. ಕೇರಿಯ ಮೂಡಲ ತುದಿಯ ಮನೆ ನಮ್ಮದು, ಬಾಗಿಲೂ ಮೂಡಲಿಗೆ. ಹಾಗಾಗಿ ಕಲ್ಲು ಮೊದಲು ನಮಗೇ ಸಿಗಬೇಕು. ಒಂದು ವರ್ಷ ಬದುವಿಗೆ ಬಂತು. ಇನ್ನೊಂದು ವರ್ಷ ಅಂಗಳದ ತುಳಸಿಗಿಡದ ಪಕ್ಕ ನಿಂತಿತು. ಕೇರಿಯವರು ಇದನ್ನು "ಕಲ್ಲು ಬಂತು" ಎನ್ನುತ್ತಾರೆ, ಮೇಲಿನ ಬೀದಿಯವರು "ನೀವು ಹೋದ್ರಿ" ಎನ್ನುತ್ತಾರೆ. ನಮ್ಮ ಜಗಳವೆಲ್ಲ ಈ ಎರಡು ಮಾತಿನ ನಡುವೆಯೇ ಇದೆ.

ನಾನು ಹೇಳುತ್ತಿರುವ ವರ್ಷ ಕಲ್ಲು ನೆಂಟರ ಹಾಗೆ ಬಾಗಿಲಿನಿಂದಲೇ ಒಳಗೆ ಬಂತು. ಒಂದು ಬೆಳಿಗ್ಗೆ ಹಿಟ್ಟು ಬೀಸಲು ಕೂತರೆ ಬೀಸುಕಲ್ಲಿನ ಪಕ್ಕದಲ್ಲಿ ನಿಂತಿದೆ. ಹೊಸ್ತಿಲು ಅದರ ಆಚೆ, ಒಲೆ ಅದರ ಈಚೆ. ನಮ್ಮತ್ತೆ ಒಂದು ಸುತ್ತು ಬಂದು ನೋಡಿದರು, ಕುಂಕುಮ ಇಟ್ಟರು, ತಮ್ಮ ಎಲೆಯಡಿಕೆ ಚೀಲ ತಂದು ಅದರ ತಲೆಗೆ ತಗುಲಿಸಿದರು. "ಗೂಟ ಹೊಡೀಬೇಕು ಅಂತಿದ್ದೆ. ತಾನೇ ಬಂತು."

ಅದು ನಗುವ ಸಮಯ ಆಗಿರಲಿಲ್ಲ. ಆ ವರ್ಷವೇ ತೂಬಿನ ಮತ ಇತ್ತು.

ನಮ್ಮೂರಲ್ಲಿ ಮತ ಹಾಕುವುದೆಂದರೆ ಮಣ್ಣು ಹಾಕುವುದು. ಹುಣ್ಣಿಮೆಯ ದಿನ ಕೆರೆ ಏರಿಯ ಮೇಲೆ ಎರಡು ಗುಡಾಣ, ಅಂದರೆ ದೊಡ್ಡ ಮಣ್ಣಿನ ಮಡಕೆ, ಇಡುತ್ತಾರೆ. ಊರಿನ ಗಂಡಸರು ಹೆಂಗಸರು ತಂತಮ್ಮ ಮನೆಯ ಅಂಗಳದಿಂದ ಒಂದು ಮುಷ್ಟಿ ಮಣ್ಣು ತಂದು ತಮಗೆ ಬೇಕಾದ ಗುಡಾಣಕ್ಕೆ ಹಾಕುತ್ತಾರೆ. ಯಾವುದರಲ್ಲಿ ಮಣ್ಣು ಮೇಲೇರಿತೋ ಅದರ ಮಾತು ನಡೆಯುತ್ತದೆ. ಆ ಸಲದ ಮಾತು, ಕೆಳತೂಬನ್ನು ಇನ್ನು ಮುಂದೆ ಮುಚ್ಚಿಬಿಡಬೇಕೋ ಬೇಡವೋ ಎಂದು. ಮುಚ್ಚಿದರೆ ನೀರೆಲ್ಲ ಮೇಲಿನ ಕಾಲುವೆಗೆ, ಅಲ್ಲಿಂದ ಮೇಲಿನ ಬೀದಿಯ ಚಿದಾನಂದಪ್ಪನವರ ಎಲೆಬಳ್ಳಿ ತೋಟಕ್ಕೆ. ನಮ್ಮ ಕುಂಟೆಗೆ ಏನೂ ಇಲ್ಲ.

ಗುಡಾಣಕ್ಕೆ ಮಣ್ಣು ಹಾಕುವವರು ಊರಿನವರೇ ಆಗಿರಬೇಕು. ಇಂಥವರು ಊರಿನವರಲ್ಲ, ಅವರ ಮಣ್ಣು ಬೀಳಬಾರದು ಎಂದು ಯಾರು ಬೇಕಾದರೂ ತಕರಾರು ತೆಗೆಯಬಹುದು. ಚಿದಾನಂದಪ್ಪನವರು ತೆಗೆದದ್ದು ಅದನ್ನೇ. ತಮಟೆ ಹೊಡೆದು ಮತದ ಸುದ್ದಿ ಸಾರಿದ ದಿನ ಏರಿಯ ಮೇಲೆ ನಿಂತು, "ಕೇರಿ ಪೂರ್ತಿ ಊರು ಬಿಟ್ಟು ಹೋಗ್ತಾ ಐತೆ. ಹೋಗೋರಿಗೆ ಇರೋರ ನೀರಿನ ಮಾತು ಯಾಕೆ? ಒಬ್ಬರ ಮಣ್ಣೂ ಬೀಳಬಾರದು" ಎಂದರು.

ತಮಟೆ ಹಿಡಿದಿದ್ದವನು ತಳವಾರ ಪಾಲಯ್ಯ. ತಕರಾರಿಗೆ ಸಾಕ್ಷಿ ನಿಂತು, ಅದು ಗಟ್ಟಿಯಾಗಿ ನಿಂತಿತು ಅಂದರೆ ಒಪ್ಪಿಗೆಯ ತಮಟೆ ಬಾರಿಸುವುದು ಅವನ ಮನೆತನದ ಕೆಲಸ. ನಿಧಾನದ ಮನುಷ್ಯ, ಕೆಮ್ಮು ಬಂದರೂ ಯೋಚನೆ ಮಾಡಿ ಕೆಮ್ಮುವವನು.

"ಕೇರಿ ಪೂರ್ತಿ ಅಂತ ತಕರಾರು ಇಲ್ಲ ಯಜಮಾನ್ರೇ" ಅಂದ. "ಒಬ್ಬೊಬ್ಬರ ಮೇಲೇ ಆಗ್ಬೇಕು. ಅವರ ಮನೆಗೆ ಹೋಗ್ಬೇಕು, ಒಳಗೆ ಕೂತು ಉಣ್ಬೇಕು, ಉಂಡ ಮೇಲೆ ಅವರ ಹೊಸ್ತಿಲಲ್ಲಿ ನಿಂತು, ಅವರ ಮಖ ನೋಡಿ ಅನ್ಬೇಕು. ಕಂಡಿದ್ದು ಅನ್ಬೇಕು, ಕೇಳಿದ್ದಲ್ಲ. ಹುಣ್ಣಿಮೆ ಹಿಂದಿನ ದಿನಕ್ಕೆ ಮುಗೀಬೇಕು."

"ನಮ್ಮ ಆಳು ಹೋಗಿ ಉಂಡು ಬರ್ತಾನೆ."

"ಉಂಡ ಬಾಯೇ ಆಡ್ಬೇಕು. ಆಡೋ ಬಾಯೇ ಉಣ್ಬೇಕು."

ಕೇರಿಯವರೆಲ್ಲ ನಕ್ಕೆವು. ಎದುರು ಮನೆಯ ತಿಪ್ಪಕ್ಕನಂತೂ ಏರಿಯ ಮೇಲೇ ಕೂತುಬಿಟ್ಟಳು. ಚಿದಾನಂದಪ್ಪನವರು ನಮ್ಮ ಮನೆಗಳಲ್ಲಿ ಉಣ್ಣುವುದು! ನಮ್ಮ ಕೊಡದ ನೀರು ಅವರ ಅಂಗಳಕ್ಕೆ ಚೆಲ್ಲಿದರೆ ಸಗಣಿ ಸಾರಿಸುವ ಮನೆ ಅದು. ಅವರ ಗದ್ದೆಯಲ್ಲಿ ನಾಟಿ ಮಾಡಿದ ದಿನ ನಮಗೆ ಊಟ ಹಾಕುತ್ತಾರೆ, ದನದ ಕೊಟ್ಟಿಗೆಯ ಹಿಂದೆ, ನಾವೇ ತಂದ ತಟ್ಟೆಗೆ, ಮೇಲಿನಿಂದ. ಒಳಗೆ ಕೂತು ಉಣ್ಣಬೇಕೆಂಬ ಕಟ್ಟಳೆ ಇಷ್ಟು ಕಾಲ ನಮ್ಮನ್ನು ಕಾದದ್ದು ಹೀಗೆ. ಅತ್ತೆಯ ಕಾಲದಲ್ಲಿ ಒಂದೇ ಒಂದು ತಕರಾರು ನಿಂತಿತ್ತಂತೆ. ಬೇರೆ ಊರಿಗೆ ಹೋಗಿ ನೆಲೆಸಿದ ಒಬ್ಬ ಮತಕ್ಕೆ ಮಾತ್ರ ಬರುತ್ತಿದ್ದ, ಅವನ ಮೇಲೆ ಸ್ವಂತ ಭಾವಮೈದುನನೇ ತೆಗೆದಿದ್ದು. ಉಂಡು, ಕೈ ತೊಳೆದು, ಅಳುತ್ತಲೇ ಹೇಳಿದನಂತೆ.

ಹೀಗೆ ನಾವು ಮೇಲಿನ ಬೀದಿಯವರ ಮಡಿಯನ್ನು ನಂಬಿ ಕೂತೆವು. ಬೇರೆ ಯಾರೂ ಇಂಥ ತಪ್ಪು ಮಾಡುವುದಿಲ್ಲ. ನಮ್ಮನ್ನು ಮುಟ್ಟದವರ ಮುಟ್ಟದಿರುವಿಕೆಯನ್ನೇ ಬೇಲಿ ಅಂದುಕೊಂಡಿದ್ದೆವು.

ಹುಣ್ಣಿಮೆಗೆ ಇನ್ನೂ ದಿನಗಳಿರುವಾಗ ಒಂದು ಬೆಳಿಗ್ಗೆ ತಿಪ್ಪಕ್ಕ ಓಡಿ ಬಂದಳು. "ಬೊಮ್ಮಕ್ಕಾ, ಬರ್ತಾವ್ನೆ ಕಣೇ! ಪಂಚೆ ಎತ್ತಿ ಕಟ್ಕಂಡು ಬರ್ತಾವ್ನೆ. ಪಾಲಯ್ಯ ಹಿಂದೆ ಅವ್ನೆ. ನಿಮ್ಮನೆಗೇ ಮೊದ್ಲಂತೆ!"

ನಮ್ಮ ಮನೆಗೇ ಮೊದಲು ಬರುವುದು ಸಹಜ. ಕಲ್ಲು ಒಳಗಿರುವ ಮನೆ ಇದೊಂದೇ. ಇಲ್ಲಿ ತಮಟೆ ಬಾರಿಸಿದರೆ ಮಿಕ್ಕ ಮನೆಗಳ ಮೇಲೂ ತಕರಾರು ತೆಗೆಯುವುದು ಸುಲಭ. ನೀರು ಬೇಕೆಂದರೆ ಮಡಿಯೂ ಬಾಗುತ್ತದೆ ಎಂದು ಅವತ್ತು ತಿಳಿಯಿತು.

ನನ್ನ ಗಂಡ ಓಬಳೇಶ ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದವನು ಕೈ ನಿಲ್ಲಿಸಿದ. "ಬೊಮ್ಮಿ, ಬಾಯ್ ಮಾಡ್ಬೇಡ. ಅವ್ರ ಗದ್ದೇಲಿ ನಾಳೆ ಕೆಲ್ಸಕ್ಕೆ ಹೋಗೋರು ನಾವು. ಒಂದು ಮುಷ್ಟಿ ಮಣ್ಣು ತಾನೆ, ಹೋದ್ರೆ ಹೋಗ್ಲಿ."

"ನಿನ್ ಮುಷ್ಟಿ ಬೇಕಾದ್ರೆ ಬಿಟ್ಕೊಡು. ನಂದು ನನ್ ಕೈಲೈತೆ" ಅಂದೆ.

ಉಣ್ಣಲು ಬಂದವರಿಗೆ ಇಲ್ಲ ಎನ್ನುವಂತಿಲ್ಲ. ತಕರಾರಿಗೆ ಬಂದವರಿಗಂತೂ ಎನ್ನಲೇಬಾರದು, ಕಟ್ಟಳೆಯೇ ಹಾಗೆ. ಎನ್ನುವ ಮನಸ್ಸೂ ನನಗಿರಲಿಲ್ಲ. ನೀರು ಕಾಯಿಸಿ ರಾಗಿಹಿಟ್ಟು ಹಾಕಿದೆ, ಹುರುಳಿ ಬಸಿದು ಸಾರು ಕೂಡಿದೆ. ನಮ್ಮತ್ತೆ ಅಟ್ಟದ ಮೇಲಿದ್ದ ಕಂಚಿನ ತಟ್ಟೆ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದರು. ಅದು ನನ್ನ ಮದುವೆಗೆ ಬಂದಿದ್ದು, ಹಬ್ಬಕ್ಕೂ ಇಳಿಸಿರಲಿಲ್ಲ.

ಚಿದಾನಂದಪ್ಪನವರು ತಲೆ ಬಗ್ಗಿಸಿ ಒಳಗೆ ಬಂದರು. ನಮ್ಮ ಬಾಗಿಲು ಗಿಡ್ಡ, ಬಗ್ಗದೆ ಬರಲಾಗುವುದಿಲ್ಲ. ಬಂದವರೇ ಗಡಿಕಲ್ಲಿನ ಹತ್ತಿರ ಹೋಗಿ, ಸಂತೆಯಲ್ಲಿ ಎತ್ತಿನ ಹಿಣಿಲು ಸವರುವ ಹಾಗೆ ಅದನ್ನು ಸವರಿ ನೋಡಿದರು. ಅತ್ತೆಯ ಚೀಲ ನೋಡಿ ಮುಖ ಕಿವುಚಿದರು.

"ಊರಿನ ಕಲ್ಲಿಗೆ ಚೀಲ ತಗಲಾಕೋದಾ?"

"ಮನೆಗೆ ಬಂದೋರು ಸುಮ್ನೆ ನಿಂತಿರ್ಬಾರ್ದು ಅಂತ ಒಂದು ಕೆಲ್ಸ ಕೊಟ್ಟೀನಿ ಬುದ್ಧಿ" ಎಂದರು ನಮ್ಮತ್ತೆ. "ಕೂತ್ಕಳ್ಳಿ. ಮಣೆ ಹಾಕೈತೆ."

ಕೂತರು. ಮುದ್ದೆ ಬಡಿಸಿದೆ. ಅವರು ಒಂದು ಚಣ ತಟ್ಟೆ ನೋಡಿದರು. ಬಾಗಿಲಲ್ಲಿ ತಿಪ್ಪಕ್ಕ, ಅವಳ ಹಿಂದೆ ಅರ್ಧ ಕೇರಿ, ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಕೈ ಮುಂದೆ ಹೋಯಿತು, ಮುದ್ದೆ ಮುರಿಯಿತು, ಸಾರಿಗೆ ಅದ್ದಿತು, ಬಾಯಿಗೆ ಹೋಯಿತು. ಹೊರಗೆ ಯಾರೋ ಉಸಿರು ಬಿಟ್ಟರು.

"ಉಪ್ಪು ಸಾಕಾ ಯಜಮಾನ್ರೇ?" ಅತ್ತೆ ಕೇಳಿದರು. "ಬೇರೆ ಊರಿನ ಉಪ್ಪು, ನಿಮ್ಮ ನಾಲಿಗೆಗೆ ಹೆಂಗೋ ಏನೋ."

ಅವರು ಇನ್ನೊಂದು ತುತ್ತು ಮುರಿದರು. ಇಷ್ಟು ಹೇಳಲೇಬೇಕು, ಉಣ್ಣುವಾಗ ಅವರು ನಾಟಕ ಮಾಡಲಿಲ್ಲ. ಹಸಿದ ಗಂಡಸು ಉಣ್ಣುವ ಹಾಗೆಯೇ ಉಂಡರು. ಇನ್ನೊಂದು ಸೌಟು ಸಾರು ಹಾಕಿದಾಗ ಕೈ ಅಡ್ಡ ಮಾಡಲಿಲ್ಲ. ಕೊನೆಗೆ, "ಹುರುಳಿ ಎಲ್ಲೀದು?" ಅಂದರು.

"ನಿಮ್ಮ ಹೊಲದ ಪಕ್ಕದ ನಮ್ಮ ಹೊಲದ್ದು" ಅಂದೆ.

ಕೈ ತೊಳೆಸಿದೆ. ಅವರು ಎದ್ದು, ಕಲ್ಲು ದಾಟಿ, ಹೊಸ್ತಿಲ ಮೇಲೆ ಹೋಗಿ ನನ್ನ ಕಡೆ ತಿರುಗಿ ನಿಂತರು. ನಾನು ಕಲ್ಲಿನ ಪಕ್ಕ ನಿಂತೆ. ಅಂಗಳದಲ್ಲಿ ಪಾಲಯ್ಯ ತಮಟೆಯನ್ನು ಎದೆಗೆ ಏರಿಸಿಕೊಂಡ. ನನ್ನ ಕಿವಿಯಲ್ಲಿ ಆಗಲೇ ಅದರ ಸದ್ದು ಹೊಡೆಯುತ್ತಿತ್ತು. ಅದು ಮೊಳಗಿತೆಂದರೆ ನಾನು ಈ ಊರಲ್ಲಿ ನೀರು ಬೇಡಬಹುದು, ನೀರು ನಮ್ಮದೂ ಎನ್ನುವಂತಿಲ್ಲ.

"ಕಂಡಿದ್ದನ್ನೇ ಹೇಳ್ತೀನಿ" ಅಂದರು ಚಿದಾನಂದಪ್ಪನವರು. ದನಿ ಗಟ್ಟಿಯಾಗಿತ್ತು. "ಗಡಿಕಲ್ಲು ಅಲ್ಲೈತೆ, ಒಳಗೆ. ಈ ಹೊಸ್ತಿಲು ಕಲ್ಲಿನಾಚೆ ಐತೆ. ಹೊಸ್ತಿಲು ಎಲ್ಲೋ ಮನೆ ಅಲ್ಲಿ. ಈ ಮನೆ ಊರಾಚೆಗೆ ಹೋಗೈತೆ, ಈ ಬೊಮ್ಮಿ ಊರೋಳಲ್ಲ. ಇವಳ ಮಣ್ಣು ಬೀಳಬಾರದು."

ಪಾಲಯ್ಯ ಬಾರಿಸಲಿಲ್ಲ. ಬಾರಿಸುವ ಮೊದಲು ಅವನು ಎರಡು ಮಾತು ಕೇಳಬೇಕು, ಅವನ ಅಪ್ಪನೂ ಕೇಳುತ್ತಿದ್ದ, ಅಜ್ಜನೂ ಕೇಳುತ್ತಿದ್ದ. ಯಾರೂ ಅದಕ್ಕೆ ಕಿವಿಗೊಡುವುದಿಲ್ಲ, ಮದುವೆ ಮಂತ್ರದ ಹಾಗೆ.

"ಈ ಮನೇಲಿ ಉಂಡ್ರಾ?"

"ಉಂಡೆ."

"ಊರ ಮಣ್ಣ ಮೇಲೆ ನಿಂತು ಆಡ್ತಿದೀರಾ?"

"ಹೌ..." ಎಂದ ಚಿದಾನಂದಪ್ಪನವರು ಅಲ್ಲಿಗೇ ನಿಂತರು.

ಬಾಯಿ ತೆರೆದೇ ಇತ್ತು. ಕಣ್ಣು ಕೆಳಗೆ ತಮ್ಮ ಕಾಲಿನ ಕಡೆ ಹೋಯಿತು, ಅಲ್ಲಿಂದ ಒಳಗಿನ ಕಲ್ಲಿನ ಕಡೆ, ಮತ್ತೆ ಕಾಲಿನ ಕಡೆ. ಕಾಲ ಕೆಳಗೆ ನಮ್ಮ ಹೊಸ್ತಿಲಿತ್ತು, ನಾನು ಬೆಳಿಗ್ಗೆ ತೊಳೆದು ರಂಗೋಲಿ ಎಳೆದದ್ದು. ಹೌದು ಅಂದರೆ ಅದು ಊರು. ಅಲ್ಲ ಅಂದರೆ ಅವರ ತಕರಾರು ಊರಾಚೆಯ ಮಾತು, ದಾರಿಹೋಕ ಬೈದ ಹಾಗೆ. ಪಾಲಯ್ಯ ಬೇಕೆಂದು ಕೇಳಿದ್ದಲ್ಲ. ಅವನಿಗೂ ಆಗಲೇ ಹೊಳೆದದ್ದು ಎಂದು ಅವನ ಕೈಯ ಕೋಲು ನಿಧಾನಕ್ಕೆ ಇಳಿದದ್ದರಲ್ಲಿ ಗೊತ್ತಾಯಿತು.

ಚಿದಾನಂದಪ್ಪನವರು ದಡಬಡ ಒಳಗೆ ಬಂದು ಒಲೆಯ ಪಕ್ಕ ನಿಂತರು. "ಇಲ್ಲಿ ನಿಂತು ಹೇಳ್ತೀನಿ. ಇದು ಊರು."

"ಹೊಸ್ತಿಲಲ್ಲೇ ಆಗ್ಬೇಕು ಯಜಮಾನ್ರೇ" ಅಂದ ಪಾಲಯ್ಯ.

"ಹಂಗಾದ್ರೆ ಹೊಸ್ತಿಲು ಕಿತ್ತು ಇಲ್ಲಿಗ್ ತರ್ಲೇನೋ?"

"ತಂದ್ರೆ ಆಗ ಮನೆ ಊರೊಳಗೇ ಬಂದಂಗಾಯ್ತಲ್ಲ ಬುದ್ಧಿ" ಎಂದರು ನಮ್ಮತ್ತೆ, ಚೀಲದಿಂದ ಅಡಿಕೆ ಹುಡುಕುತ್ತ. ಕೇರಿ ಹೋ ಎಂದಿತು. ತಿಪ್ಪಕ್ಕ ಸೆರಗು ಬಾಯಿಗೆ ತುರುಕಿಕೊಂಡು ನಮ್ಮ ಗೋಡೆಗೆ ಒರಗಿದಳು. ಹೆದರಿ ಕೂತಿದ್ದ ನನ್ನ ಗಂಡನೂ ನಕ್ಕುಬಿಟ್ಟ, ಆಮೇಲೆ ಕೆಮ್ಮಿದ ಹಾಗೆ ಮಾಡಿದ.

ಪಾಲಯ್ಯ ಗಂಟಲು ಸರಿಮಾಡಿಕೊಂಡ. "ಇದು ಊರಾದ್ರೆ ಈಯಮ್ಮ ಊರೋಳು. ಊರಲ್ದಿದ್ರೆ ನೀವಾಡಿದ್ದು ಊರಿನ ಮಾತಲ್ಲ. ನಾನು ಬಾರ್ಸಕ್ಕಾಗಲ್ಲ." ತಮಟೆಯನ್ನು ಬೆನ್ನಿಗೆ ಹಾಕಿಕೊಂಡ.

ಹೋಗುವಾಗ ಚಿದಾನಂದಪ್ಪನವರು ಅಂಗಳದಲ್ಲಿ ತಿರುಗಿ ನಿಂತರು. "ಕುಣೀಬೇಡಿ" ಅಂದರು. "ನಿನ್ನ ಗೆಲ್ಸಿದ್ದು ಹೊಸ್ತಿಲು ಕಣೇ ಬೊಮ್ಮಿ, ನೀನಲ್ಲ. ಊರೋರು ಅಂತ ನಿಮ್ಮನ್ನ ಯಾರೂ ಒಪ್ಪಿಲ್ಲ. ಸಂದೀಲಿ ನುಸುಳಿದ್ರಿ, ಅಷ್ಟೆ."

ಅವರ ಊಟಕ್ಕಿಂತ ಆ ಮಾತು ನನ್ನ ಮನೆಯಲ್ಲಿ ಹೆಚ್ಚು ಹೊತ್ತು ಉಳಿಯಿತು. ಚಾಪೆಗೆ ಕೂತರೆ ಗರಿ ಗರಿಗೂ ಅದೇ ಹೆಣೆಯುತ್ತಿತ್ತು. ಸಂದಿಯಲ್ಲಿ ನುಸುಳುವುದು ಇಲಿ.

ಸಂಜೆ ಕುಂಟೆಯ ಹತ್ತಿರ ಎಲ್ಲರೂ ಸೇರಿದಾಗ ಪಾಲಯ್ಯ ಇನ್ನೊಂದು ಕಟ್ಟಳೆ ನೆನಪು ಮಾಡಿದ. ನಿಲ್ಲದ ತಕರಾರು ತಂದವನ ಮುಷ್ಟಿಯನ್ನು ಆ ವರ್ಷಕ್ಕೆ ಮುಚ್ಚಿಸಬಹುದು, ಅವನೂ ಮಣ್ಣು ಹಾಕುವಂತಿಲ್ಲ. ಆದರೆ ಅದಕ್ಕೂ ಯಾರಾದರೂ ತಕರಾರೇ ತೆಗೆಯಬೇಕು, ಅದೇ ರೀತಿ, ಅವನ ಮನೆಯೊಳಗೆ ಕೂತು ಉಂಡು.

"ನಾವೆಲ್ಲ ಉಂಡೀವಲ್ಲ ಅವ್ರ ಮನೇಲಿ!" ಅಂದಳು ತಿಪ್ಪಕ್ಕ.

"ಕೊಟ್ಟಿಗೆ ಹಿಂದೆ ಉಂಡಿದ್ದು ಲೆಕ್ಕಕ್ಕಿಲ್ಲ ತಿಪ್ಪಕ್ಕ. ಒಳಗೆ ಉಣ್ಬೇಕು, ಅವರ ತಟ್ಟೇಲಿ."

 ಇಷ್ಟು ವರ್ಷ ಆ ಮನೆಗೆ ದುಡಿದವರು ಇದ್ದೆವು ಅಲ್ಲಿ, ಒಬ್ಬರೂ ಅದರ ನಡುಮನೆಯ ತೊಲೆ ಎಂಥದ್ದೆಂದು ಕಂಡಿರಲಿಲ್ಲ. ನೀರಿನಲ್ಲಿ ಯಾರದೋ ಎಮ್ಮೆ ಉಸಿರು ಬಿಡುತ್ತಿತ್ತು.

"ನಾನ್ ಹೋಗ್ತೀನಿ" ಅಂದೆ.

ಮಾರನೇ ದಿನ ತಲೆ ಎಣ್ಣೆ ಹಾಕಿ ಬಾಚಿ, ಒಗೆದ ಸೀರೆ ಉಟ್ಟು, ಊಟದ ಹೊತ್ತಿಗೆ ಸರಿಯಾಗಿ ಹೋದೆ. ಕಾಲು ತಾನಾಗಿ ಕೊಟ್ಟಿಗೆಯ ಕಡೆ ತಿರುಗಿತು. ನಿಲ್ಲಿಸಿ, ಮುಂದಿನ ಕಲ್ಲಿನ ಮೆಟ್ಟಿಲಿಗೆ ತಂದೆ. ಪಾಲಯ್ಯ ಹಿಂದೆ, ಅವನ ಹಿಂದೆ ಕೇರಿ, ಬೀದಿಯ ಎರಡೂ ಕಡೆ ಮೇಲಿನವರು ಜಗುಲಿಗೆ ಬಂದು ನಿಂತಿದ್ದರು.

"ಏನೇ?" ಅಂದರು ಉಯ್ಯಾಲೆಯ ಮೇಲಿದ್ದ ಚಿದಾನಂದಪ್ಪನವರು.

"ಉಣ್ಣಕ್ ಬಂದೀನಿ ಯಜಮಾನ್ರೇ. ತಕರಾರೈತೆ."

ಉಯ್ಯಾಲೆ ನಿಂತಿತು. ಅವರು ಪಾಲಯ್ಯನನ್ನು ನೋಡಿದರು. ಪಾಲಯ್ಯ ಆಕಾಶ ನೋಡಿದ. ಅವರ ಹೆಂಡತಿ ಸರ್ವಮಂಗಳಮ್ಮ ಒಳಬಾಗಿಲಿಗೆ ಬಂದು, ಗಂಡನ ಮುಖವನ್ನೂ ನನ್ನ ಮುಖವನ್ನೂ ನೋಡಿ, "ಇಲ್ಲ ಅನ್ನೋ ಹಂಗಿಲ್ಲವಲ್ಲಾ" ಅಂದರು. ಗಂಡನಿಗೆ ಹೇಳಿದರೋ ನನಗೋ ತಿಳಿಯಲಿಲ್ಲ. "ಬಾ ಬೊಮ್ಮಕ್ಕ."

ನಡುಮನೆ ತಂಪಾಗಿತ್ತು. ತೊಲೆ ತೇಗದ್ದು. ಅವರ ಬಾಗಿಲು ಎತ್ತರ, ನಾನು ಬಗ್ಗಬೇಕಾಗಲಿಲ್ಲ. ಸರ್ವಮಂಗಳಮ್ಮ ಮನೆಯ ತಟ್ಟೆಯನ್ನೇ ಇಟ್ಟರು. ಅನ್ನ, ಬೇಳೆಸಾರು, ಬದನೆಕಾಯಿ ಪಲ್ಯ. ತುಪ್ಪ ಬಡಿಸುವಾಗ ಜಿಪುಣತನ ಮಾಡಲಿಲ್ಲ. ನಾನು ಅವಸರ ಮಾಡಲಿಲ್ಲ. ನನ್ನ ಮನೆಯಲ್ಲಿ ಚಿದಾನಂದಪ್ಪನವರು ಉಂಡ ಹಾಗೆಯೇ ಹೊಟ್ಟೆ ತುಂಬ ಉಂಡೆ. ತಟ್ಟೆ ಎತ್ತಲು ಹೋದರೆ ಆಕೆ, "ಬಿಡು, ತಟ್ಟೆ ನಮ್ಮದು" ಅಂದರು. ಆಮೇಲೆ ತಗ್ಗಿದ ದನಿಯಲ್ಲಿ, "ನಿಜವಾಗ್ಲೂ ಮುಚ್ಚಿಸ್ತೀಯಾ?" ಎಂದು ಕೇಳಿದರು. ನಾನು ಕೈ ತೊಳೆದೆ. ಹೊಸ್ತಿಲಿಗೆ ಬಂದು ತಿರುಗಿ ನಿಂತೆ. ಚಿದಾನಂದಪ್ಪನವರು ಎದುರಿಗೆ ನಿಂತಿದ್ದರು. ಮುಖ ಕಪ್ಪಿಟ್ಟಿತ್ತು.

"ಈ ಮನೇಲಿ ಉಂಡ್ಯಾ?" ಪಾಲಯ್ಯ ಕೇಳಿದ.

"ಉಂಡೆ. ಒಳಗೆ. ಇವರ ತಟ್ಟೇಲಿ."

"ಊರ ಮಣ್ಣ ಮೇಲೆ ನಿಂತು ಆಡ್ತಿದೀಯಾ?"

"ಹೌದು. ಈ ಹೊಸ್ತಿಲೂ ಊರು, ನನ್ನ ಹೊಸ್ತಿಲೂ ಊರು."

"ಏನು ತಕರಾರು?"

ಬೀದಿಯಲ್ಲಿ ಒಂದು ನಾಯಿ ಮಾತ್ರ ಓಡಾಡುತ್ತಿತ್ತು. ಹೇಳಬೇಕೆಂದುಕೊಂಡು ಬಂದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಕೋಲು ಬೀಳುತ್ತಿತ್ತು. ಅವರ ಕಣ್ಣಲ್ಲಿ ಒಂದು ದಿನದ ಹಿಂದೆ ನನ್ನ ಎದೆಯಲ್ಲಿದ್ದ ಭಯವೇ ಇತ್ತು, ಹತ್ತಿರದಿಂದ ನೋಡಿದೆ. ಉಂಡ ಮನೆಯಲ್ಲಿ ಮುಖ ನೋಡಿ ಹೇಳಬೇಕು ಎಂದು ಹಿರಿಯರು ಯಾಕೆ ಇಟ್ಟರೋ.

"ತಕರಾರು ಏನೂ ಇಲ್ಲ" ಅಂದೆ. "ಚಿದಾನಂದಪ್ಪನೋರು ಊರೋರೇ. ನಾನು ಕಂಡೀನಿ. ಅವ್ರ ಮಣ್ಣು ಬೀಳ್ಲಿ. ನಾಳೆ ದಿನ, ಮುಷ್ಟಿ ಮುಚ್ಚಿಸಿ ಗೆದ್ರು, ಸಂದೀಲಿ ನುಸುಳಿದ್ರು ಅನ್ನೋದು ಬ್ಯಾಡ. ಅವ್ರು ಅವ್ರ ಗುಡಾಣಕ್ಕೆ ಹಾಕ್ಲಿ, ನಾವು ನಮ್ಮದಕ್ಕೆ ಹಾಕ್ತೀವಿ. ಎದುರಿಗೇ." ಮೆಟ್ಟಿಲು ಇಳಿಯುವಾಗ ಇನ್ನೊಂದು ಮಾತು ನೆನಪಾಯಿತು. "ಸಾರಿಗೆ ಉಪ್ಪು ಒಂಚೂರು ಕಮ್ಮಿ ಆಗಿತ್ತು ಅಮ್ಮಾ."

"ಹೌದು ಕಣೆ, ಬಡಿಸ್ದಾಗ್ಲೇ ಅನ್ನಿಸ್ತು" ಎಂದರು ಸರ್ವಮಂಗಳಮ್ಮ ಒಳಗಿನಿಂದ.

ತಿಪ್ಪಕ್ಕ ದಾರಿಯುದ್ದಕ್ಕೂ ನನ್ನನ್ನು ಬೈದಳು. ಕೈಗೆ ಸಿಕ್ಕವರನ್ನು ಬಿಟ್ಟ ದಡ್ಡಿ ಅಂದಳು. ಬೈಯಲಿ ಅಂತ ನಡೆಯುತ್ತಲೇ ಇದ್ದೆ.

ಹುಣ್ಣಿಮೆಯ ದಿನ ಬೆಳಿಗ್ಗೆ ನಾನು ಹೊಸ್ತಿಲು ದಾಟಿ, ಅಂಗಳದ ತೀರಾ ಮೂಡಲ ತುದಿಗೆ, ಕಲ್ಲಿನಿಂದ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹೋಗಿ ಮಣ್ಣು ಅಗೆದೆ. ಅದುವರೆಗೆ ಚಿದಾನಂದಪ್ಪನವರು ಬೇರೆ ಯಾರ ಮನೆಗೂ ಉಣ್ಣಲು ಬಂದಿರಲಿಲ್ಲ. ಏರಿ ಹತ್ತಲಾರದ ನಮ್ಮತ್ತೆಯನ್ನು ನನ್ನ ಗಂಡ ಹೊತ್ತು ತಂದ, ಅವರ ಮುಷ್ಟಿ ದಾರಿಯಲ್ಲಿ ಒಂದು ಸಲವೂ ಸಡಿಲವಾಗಲಿಲ್ಲ. ಏರಿಯ ಮೇಲೆ ಚಿದಾನಂದಪ್ಪನವರು ತಮ್ಮ ಅಂಗಳದ ಕರಿಮಣ್ಣು ಹಾಕಿದರು. ಅವರ ಹಿಂದೆ ಬಂದ ಸರ್ವಮಂಗಳಮ್ಮ ಯಾವ ಗುಡಾಣದ ಮೇಲೆ ಕೈ ಬಿಚ್ಚಿದರು ಎಂದು ನಾನು ನೋಡಲಿಲ್ಲ, ನೋಡಬಾರದು. ನನ್ನ ಸರದಿ ಬಂದಾಗ ಚಿದಾನಂದಪ್ಪನವರೆದುರು ಕೈ ಬಿಚ್ಚಿ ಕೆಂಪು ಮಣ್ಣು ತೋರಿಸಿ, ಆಮೇಲೆ ಹಾಕಿದೆ. ಮಣ್ಣಿಗೆ ಮಣ್ಣು ಕೂಡಿತು. ಬಿಸಿಲು ಇಳಿಯುವ ಹೊತ್ತಿಗೆ ಪಾಲಯ್ಯ ಎರಡರಲ್ಲೂ ಕೋಲು ಇಳಿಸಿ ಅಳೆದ. ಕೆಳತೂಬು ಇವತ್ತಿಗೂ ತೆರೆದಿದೆ.

ಅದಾಗಿ ಮತ್ತೆ ಮಳೆಗಾಲ ಕಳೆಯಿತು. ಕಲ್ಲು ಈಗ ಒಲೆಯ ಪಕ್ಕಕ್ಕೆ ಬಂದಿದೆ, ಅತ್ತೆಯ ಚೀಲದ ಜೊತೆಗೆ ನನ್ನ ಸೌಟೂ ಅದಕ್ಕೇ ತೂಗುತ್ತದೆ. ಮುಂದಿನ ವರ್ಷ ಹಿತ್ತಲಿಗೆ ಹೋಗುತ್ತದೆ, ಆಗ ಮನೆ ಪೂರ್ತಿ ಊರಾಚೆ ಎಂದು ಮೇಲಿನ ಬೀದಿಯಲ್ಲಿ ಈಗಲೇ ಮಾತು ಎದ್ದಿದೆಯಂತೆ. ಏಳಲಿ. ಯಾರಿಗೆ ತಕರಾರಿದೆಯೋ ಅವರು ಬರಲಿ, ತಲೆ ಬಗ್ಗಿಸಿ ಒಳಗೆ ಬಂದು ಕೂರಲಿ. ಕಂಚಿನ ತಟ್ಟೆಯನ್ನು ನಾನು ಮತ್ತೆ ಅಟ್ಟಕ್ಕೆ ಏರಿಸಿಲ್ಲ, ಹಿಟ್ಟು ಬೀಸಿಟ್ಟಿದ್ದೇನೆ.